ಸವಕಳಿಯ ಸತ್ಯ

ಹೊಸ ವಸ್ತುವನ್ನು ಹಳತಾಗಿ ಕಾಣಿಸುವುದು ಸುಳ್ಳೇ? ಹೊಸಂಗಡಿಯ ನಮ್ಮ ನೆರೆಮನೆಯ ಚಾವಡಿಯಲ್ಲಿ ಒಂದು ಸಂಜೆ ಈ ಪ್ರಶ್ನೆ ನಮಗೆ ಎದುರಾಯಿತು. ಕಾಲೇಜಿಗೆ ಹೋಗುವ ಆ ಮನೆಯ ಹುಡುಗ, ತನ್ನ ಅಜ್ಜ ಒಂದು ಕಾಲದಲ್ಲಿ ತಲಪಾಡಿ ದಾಟಿ ಮಂಗಳೂರಿಗೆ ಓಡಿಸುತ್ತಿದ್ದ ಬಸ್ಸಿನ ಮಾದರಿಯೊಂದನ್ನು ಮಾಡಿದ್ದ. ಅಳತೆ 1:24, ಉದ್ದ ಒಂದು ಮೊಳದಷ್ಟು.

ಹೊಸ ಮಾದರಿಗೆ ಹಳಮೆ ತರುವ ವಿದ್ಯೆ ಕುತೂಹಲಕರವಾದುದು. ಮೊದಲು ತುಕ್ಕಿನ ಕಂದುಬಣ್ಣ ಬಳಿಯಬೇಕು. ಅದು ಒಣಗಿದ ಮೇಲೆ ಕೂದಲಿಗೆ ಬಳಸುವ ಹೇರ್ ಸ್ಪ್ರೇ ಸಿಂಪಡಿಸಿ, ಅದರ ಮೇಲೆ ಬಸ್ಸಿನ ಬಣ್ಣ ಹಚ್ಚಬೇಕು. ಬಳಿಕ ಒದ್ದೆ ಕುಂಚದಿಂದ ಉಜ್ಜಿದರೆ ನಡುವಿನ ಪದರ ನೀರಿಗೆ ಸಡಿಲವಾಗಿ, ಮೇಲಿನ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಅಡಿಯ ತುಕ್ಕು ಇಣುಕುತ್ತದೆ. ಚಕ್ರದ ಸುತ್ತ ನಮ್ಮ ಮುರಕಲ್ಲಿನ ಕೆಂಪು ಧೂಳನ್ನೂ ಹುಡುಗ ಮರೆತಿರಲಿಲ್ಲ.

ಅಜ್ಜ ಅದನ್ನು ಬಹಳ ಹೊತ್ತು ನೋಡಿದರು. "ಇದು ಯಾರೂ ನೋಡಿಕೊಳ್ಳದ ಬಸ್ಸು ಮಗಾ. ನಮ್ಮದು ಹೀಗಿರಲಿಲ್ಲ" ಎಂದರು. ಮೆಟ್ಟಿಲಿನ ಬಣ್ಣ ಹೋಗಿದ್ದುದು ನಿಜ, ಅಷ್ಟು ಕಾಲುಗಳು ಅಲ್ಲಿ ಹತ್ತಿಳಿದಿದ್ದವು. ಬಾಗಿಲ ಕಂಬಿ ಸವೆದದ್ದೂ ನಿಜ. ಕಡಲ ಉಪ್ಪುಗಾಳಿ ತಗಡನ್ನು ಬಿಡುತ್ತಿರಲಿಲ್ಲ. ಆದರೆ ಎದುರಿನ ಗಾಜು ಮತ್ತು ಮೋರೆಯನ್ನು ಅವರು ದಿನವೂ ಬೆಳಗ್ಗೆ ಒರೆಸುತ್ತಿದ್ದರು. ಊರುಗಳ ಹೆಸರಿದ್ದ ಕನ್ನಡ ಬೋರ್ಡಿಗೆ ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮುನ್ನ, ಹೊಸ ಬಣ್ಣ ಬರೆಸುತ್ತಿದ್ದರು. ಚೆಂದ ಕಾಣುವುದೆಂದು ಹುಡುಗ ಅತಿ ಹೆಚ್ಚು ಕೆರೆದದ್ದು ಆ ಅಕ್ಷರಗಳನ್ನೇ.

ಹೊಸ ದೀಪಕ್ಕೆ ಕಿಲುಬು ಹಿಡಿಸಿ ಪುರಾತನವೆಂದು ಮಾರುವವನು ಕೊಳ್ಳುವವನನ್ನು ವಂಚಿಸುತ್ತಾನೆ. ಮಾದರಿ ಮಾಡುವವನು ನೋಡುವವನನ್ನು ವಂಚಿಸುವುದಿಲ್ಲ. ಅದು ಆಟಿಕೆಯೆಂದು ಎಲ್ಲರಿಗೂ ಗೊತ್ತು. ಆದರೂ ಅವನಿಂದ ಬೇರೊಂದು ಅನ್ಯಾಯ ಆಗಬಹುದು, ಅದು ಆ ಬಾಳನ್ನು ಬಾಳಿದವರಿಗೆ. ಸವೆತಕ್ಕೆ ಕಾರಣವಿರುತ್ತದೆ: ನೀರು ನಿಂತಲ್ಲಿ ತುಕ್ಕು, ಕೈ ತಾಗಿದಲ್ಲಿ ಹೊಳಪು. ಕಾರಣವರಿಯದೆ ಹಚ್ಚಿದ ಹಳಮೆಯಲ್ಲಿ ಸತ್ಯವಿಲ್ಲ. ಅದಕ್ಕಿಂತ ಮಿಗಿಲಾಗಿ, ಸವೆತ ತನ್ನ ಗುರುತನ್ನು ಬಿಟ್ಟುಹೋಗುತ್ತದೆ, ಜೋಪಾನ ಬಿಡುವುದಿಲ್ಲ. ಒರೆಸಿದ ಕೈಯ ಕೆಲಸ ಮರುದಿನದ ಧೂಳಿನೊಡನೆ ಮರೆಯಾಗುತ್ತದೆ. ಆದ್ದರಿಂದಲೇ ಹಳೆಯದನ್ನು ಚಿತ್ರಿಸುವಾಗ ನಾವು ಶಿಥಿಲತೆಯನ್ನು ಕಾಣುತ್ತೇವೆ, ಆರೈಕೆಯನ್ನು ಮರೆಯುತ್ತೇವೆ.

1956ರ ನವೆಂಬರ್ 1ರಿಂದ ಈಚೆಗೆ ಗಡಿನಾಡಿನ ನಮ್ಮ ಭಾಷೆಯ ಕುರಿತು ಮಾತನಾಡುವಾಗಲೂ ನಾವು ಹೀಗೆಯೇ ಮಾಡಿಲ್ಲವೇ? ಬಣ್ಣ ಕಿತ್ತುಹೋದದ್ದು ದಿಟ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದನ್ನಷ್ಟೇ ಎಣಿಸಿದರೆ, ಕನ್ನಡ ಶಾಲೆಗಳಲ್ಲಿ, ಯಕ್ಷಗಾನದ ರಂಗಸ್ಥಳದಲ್ಲಿ, ಇಂತಹ ಸಮ್ಮೇಳನಗಳಲ್ಲಿ ವರ್ಷವರ್ಷವೂ ಅಕ್ಷರಕ್ಕೆ ಬಣ್ಣ ತುಂಬಿದವರನ್ನು ನಾವೇ ಕೆರೆದು ಅಳಿಸಿದಂತಾಗುತ್ತದೆ.

ಹುಡುಗ ಮೆಟ್ಟಿಲಿನ ಸವೆತವನ್ನು ಹಾಗೆಯೇ ಉಳಿಸಿ, ಬೋರ್ಡನ್ನು ಮತ್ತೆ ಬರೆದ. ಅಜ್ಜ ಕನ್ನಡಕ ಸರಿಪಡಿಸಿಕೊಂಡು ನೋಡಿ, "ಆಗಲೂ ಅಕ್ಷರ ಸ್ವಲ್ಪ ವಾರೆಯೇ ಇತ್ತು" ಎಂದು ನಕ್ಕರು.