ಹದಿನೇಳು ಗಂಟೆಯ ದಾರಿ

2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾರಿ, ನಡುವೆ ಎಲ್ಲೂ ಇಳಿಯದೆ ಬೆಂಗಳೂರು ತಲುಪಿತು. ಅದನ್ನು ನಡೆಸಿದವರು ನಾಲ್ವರು ಮಹಿಳಾ ಪೈಲಟ್‌ಗಳು. ಎರಡು ನಿಲ್ದಾಣಗಳ ನಡುವಿನ ಅತಿ ಹತ್ತಿರದ ದಾರಿಯೇ ಸುಮಾರು 14,000 ಕಿಲೋಮೀಟರ್; ಹಿಡಿದ ಸಮಯ ಸುಮಾರು 17 ಗಂಟೆ. ಗೋಡೆಯ ಭೂಪಟದಲ್ಲಿ ಅಮೆರಿಕ ಪಶ್ಚಿಮಕ್ಕಿದೆ, ಆದರೆ ಭೂಮಿ ಗುಂಡಗಿರುವುದರಿಂದ ಹತ್ತಿರದ ದಾರಿ ಉತ್ತರದ ಕಡೆಗೆ.

ಇಂಥ ಲೆಕ್ಕ ನಮ್ಮ ಎಷ್ಟೋ ಮನೆಗಳಲ್ಲಿ ಬಾಯಿಪಾಠವಾಗಿದೆ. ಇಲ್ಲಿ ಸಂಜೆ ಏಳಕ್ಕೆ ಜಪಮಾಲೆ ಶುರುವಾದಾಗ ಕ್ಯಾಲಿಫೋರ್ನಿಯದಲ್ಲಿ ಚಳಿಗಾಲವಾದರೆ ಬೆಳಗಿನ ಐದೂವರೆ, ಬೇಸಿಗೆಯಾದರೆ ಆರೂವರೆ ಎಂದು ಅಜ್ಜಿಯರೂ ಹೇಳಬಲ್ಲರು. ಅಷ್ಟು ದೂರದಲ್ಲಿರುವ ಮಗನೋ ಮಗಳೋ ತಂದೆತಾಯಿಯನ್ನು ಗೌರವಿಸಬೇಕೆಂಬ ನಾಲ್ಕನೆಯ ಕಟ್ಟಳೆಯನ್ನು ಪಾಲಿಸುವುದು ಹೇಗೆ? ಹಣ ಕಳಿಸಿ, ದಿನಾ ವಿಡಿಯೋದಲ್ಲಿ ಮಾತನಾಡಿದರೆ ಸಾಕೇ?

ದೇವದೂತರಿಗೆ ದೇಹವಿಲ್ಲ, ಅವರ ಶಕ್ತಿ ಎಲ್ಲಿ ಕೆಲಸ ಮಾಡುತ್ತದೋ ಅಲ್ಲಿ ಅವರಿದ್ದಾರೆ ಎಂಬುದು ಸಂತ ತೋಮಾಸ್ ಅಕ್ವಿನಾಸರ ವಾದ. ಹಣ ಕಳಿಸಿ ತಾಯಿಗೆ ಔಷಧಿ ಕೊಡಿಸುವ ಮಗನೂ ಆ ಅರ್ಥದಲ್ಲಿ ಮನೆಯಲ್ಲೇ ಇದ್ದಾನೆ. ಅದನ್ನು ಹಗುರವಾಗಿ ಕಾಣಬೇಡಿ. ಆದರೆ ಮನುಷ್ಯ ದೇವದೂತನಲ್ಲ, ಅವನಿಗೆ ದೇಹವಿದೆ. ಧರ್ಮಸಭೆಯ ಸಂಸ್ಕಾರಗಳಿಗೂ ಈ ದೇಹವೇ ಬೇಕು. ಅಂತರ್ಜಾಲದಲ್ಲಿ ಸಂಸ್ಕಾರಗಳಿಲ್ಲವೆಂದು ವ್ಯಾಟಿಕನ್ 2002ರಲ್ಲೇ ಸ್ಪಷ್ಟಪಡಿಸಿತು. ರೋಗಿಯ ಹಣೆಗೆ ತೈಲ ಹಚ್ಚಬೇಕಾದರೆ ಗುರುವಿನ ಕೈ ಅಲ್ಲಿರಲೇಬೇಕು.

ಯೊವಾನ್ನನ ಶುಭಸಂದೇಶದಲ್ಲೂ ದೂರದ ಮತ್ತು ಗಂಟೆಯ ಲೆಕ್ಕಗಳಿವೆ. ಯೇಸುಸ್ವಾಮಿ ಕಾನಾದಲ್ಲಿದ್ದುಕೊಂಡೇ ಕಫೆರ್ನವುಮಿನಲ್ಲಿ ಮಲಗಿದ್ದ ಅಧಿಕಾರಿಯ ಮಗನನ್ನು ಗುಣಪಡಿಸಿದರು. ಜ್ವರ ಬಿಟ್ಟ ಹೊತ್ತನ್ನು ಮರುದಿನ ತಂದೆ ಆಳುಗಳಲ್ಲಿ ಕೇಳಿದಾಗ ಗಂಟೆ ಸರಿಯಾಗಿ ಹೊಂದಿತು. ಹೀಗೆ ದೂರದಿಂದಲೇ ಎಲ್ಲವನ್ನೂ ಮಾಡಬಲ್ಲವರು ಲಾಸರನ ಊರಿಗೆ ಮಾತ್ರ ನಡೆದೇ ಹೋದರು. ಆ ಸೀಮೆಯಲ್ಲಿ ಕಲ್ಲೆಸೆದು ಕೊಲ್ಲುವ ಬೆದರಿಕೆ ಇದ್ದರೂ ಹೋದರು. ತಲುಪುವಷ್ಟರಲ್ಲಿ ಲಾಸರನನ್ನು ಸಮಾಧಿ ಮಾಡಿ ನಾಲ್ಕು ದಿನವಾಗಿತ್ತು. ಮಾರ್ತಳು ಅದನ್ನು ಮುಖಕ್ಕೇ ಹೇಳಿದಳು. ತಡವಾದದ್ದಕ್ಕೆ ಅವರು ಅವಳಿಗೆ ಕಾರಣ ಕೊಡಲಿಲ್ಲ. ಸಮಾಧಿ ಎಲ್ಲಿದೆ ಎಂದು ವಿಚಾರಿಸಿದರು, ಅತ್ತರು.

ಆದ್ದರಿಂದಲೇ, ಮಗ ಬರುವವರೆಗೆ ಅಂತ್ಯಕ್ರಿಯೆಯನ್ನು ಎರಡು ದಿನ ಮುಂದೂಡಬಹುದೇ ಎಂದು ಕೇಳಿಕೊಂಡು ಬರುವವರಿಗೆ ನಾನು ಆಗಲಿ ಎನ್ನುತ್ತೇನೆ. ತಡವಾಗಿ ಬಂದವನನ್ನು ಮಾತಿನಲ್ಲಿ ಚುಚ್ಚಬೇಡಿ. ಅವನನ್ನು ಕಳಿಸಲು ಜಮೀನು ಅಡವಿಟ್ಟವರೂ, ಮದುವೆಮನೆಗಳಲ್ಲಿ ಅದನ್ನೇ ಹೇಳಿಕೊಂಡು ಓಡಾಡಿದವರೂ ನಮ್ಮವರೇ ಅಲ್ಲವೇ? ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿದ್ದೂ ತಿಂಗಳುಗಟ್ಟಲೆ ತಾಯಿಯ ಬಾಗಿಲಿಗೆ ಬಾರದವನಿಗೆ ಯಾವ ವಿಮಾನದ ನೆಪವೂ ಇಲ್ಲ.

ದೂರದಲ್ಲಿರುವ ಮಕ್ಕಳಿಗೆ ವರ್ಷಕ್ಕೆ ಸಿಗುವುದು ಒಂದೇ ರಜೆ. ಅದನ್ನು ಚರ್ಚಿನ ವಾರ್ಷಿಕ ಹಬ್ಬಕ್ಕೆ ಇಡಬೇಕೋ, ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಗೆ ಇಡಬೇಕೋ? ನನ್ನನ್ನು ಕೇಳಿದರೆ ಶಸ್ತ್ರಚಿಕಿತ್ಸೆಗೆ. ಹಬ್ಬಕ್ಕೆ ಊರಿನವರೆಲ್ಲ ಇದ್ದೇ ಇರುತ್ತಾರೆ.