ಮೌನವೂ ಒಂದು ಅತಿಚಾರ

ಕೇಳದಿದ್ದುದನ್ನು ಹೇಳದಿರುವುದು ಅಸತ್ಯವಾಗುವುದೇ? ವ್ಯಾಪಾರಿಯಾದ ಶ್ರಾವಕನಿಗೆ ಈ ಪ್ರಶ್ನೆ ದಿನವೂ ಎದುರಾಗುವಂಥದು. ಬಯಲುಸೀಮೆಯ ಬಡವನಹಳ್ಳಿಯಲ್ಲಿ ಕಬ್ಬಿಣದ ಅಂಗಡಿ ನಡೆಸುವ ನನಗೆ ಇದು ಈಚೆಗೆ ಸಮುದ್ರದ ಕಡೆಯಿಂದ ಬಂದಿತು.

ಮುಂಬಯಿಯಲ್ಲಿರುವ ನನ್ನ ತಮ್ಮನ ಮಗನು ಮೂವರು ಗೆಳೆಯರೊಡನೆ ಪಾಲುಗೂಡಿ ಜೆ-24 ಮಾದರಿಯ ಹಳೆಯ ಹಾಯಿದೋಣಿಯೊಂದನ್ನು ಇಟ್ಟುಕೊಂಡಿದ್ದನು. ಇಪ್ಪತ್ತನಾಲ್ಕು ಅಡಿಯ ಈ ದೋಣಿಯ ತೂಕ ಸುಮಾರು 1,400 ಕಿಲೋ. ಅದರಲ್ಲಿ ಸುಮಾರು 430 ಕಿಲೋ, ಅಡಿಯಲ್ಲಿ ನೀರಿನೊಳಗೆ ನಿಲ್ಲುವ ಲೋಹದ ರೆಕ್ಕೆಯದು. ಕೀಲ್ ಎಂಬ ಈ ಭಾರವೇ ಗಾಳಿಗೆ ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಅದನ್ನು ಹಿಡಿದಿರುವುದು ಕೆಲವೇ ಬೋಲ್ಟುಗಳು. ಕ್ರೇನಿನಿಂದ ದೋಣಿಯನ್ನು ದಡಕ್ಕೆ ಎತ್ತುವಾಗಲೂ ಕೊಂಡಿಯ ಪಟ್ಟಿಯನ್ನು ಒಳಗಿನಿಂದ ಈ ಬೋಲ್ಟುಗಳಿಗೇ ಸಿಕ್ಕಿಸುತ್ತಾರೆ.

ದೋಣಿಯನ್ನು ಮಾರಲು ನಿಶ್ಚಯಿಸಿದಾಗ ಎರಡು ನಟ್ಟುಗಳ ಬುಡದಲ್ಲಿ ತುಕ್ಕಿನ ಕಲೆ ಕಂಡಿತು. "ದೊಡ್ಡಪ್ಪ, ನಾವು ಸುಳ್ಳು ಹೇಳುವುದಿಲ್ಲ, ಅವರು ಕೇಳದಿದ್ದರೆ ಸುಮ್ಮನಿರುತ್ತೇವೆ, ಅಷ್ಟೆ. ಕಾನೂನಿನಲ್ಲಿಯೂ ಇದು ತಪ್ಪಲ್ಲವಂತೆ. ಇದು ದೋಷವೇ?" ಎಂದು ಅವನು ಕೇಳಿದನು.

ಆ ಕಲೆ ಅಲ್ಪವಾದುದಲ್ಲ. ಸ್ಟೇನ್‌ಲೆಸ್ ಸ್ಟೀಲನ್ನು ಕಾಪಾಡುವ ತೆಳುಪದರವು ಉಳಿಯಲು ಆಮ್ಲಜನಕ ಬೇಕು. ಕೀಲ್ ಮತ್ತು ದೋಣಿಯ ಸಂದಿನಲ್ಲಿ ಉಪ್ಪುನೀರು ನಿಂತು ಗಾಳಿಯಾಡದಿದ್ದರೆ ಪದರ ನಶಿಸಿ, ಬೋಲ್ಟಿನ ಕತ್ತು ಒಳಗೊಳಗೇ ಸವೆಯುತ್ತದೆ. ಮೇಲಿನ ನಟ್ಟು ಮಾತ್ರ ಹೊಳೆಯುತ್ತಲೇ ಇರುತ್ತದೆ. 2014ರ ಮೇ ತಿಂಗಳಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ 'ಚೀಕಿ ರಫೀಕಿ' ಎಂಬ ಹಾಯಿದೋಣಿಯ ಕೀಲ್ ಕಳಚಿ ನಾಲ್ವರು ಇಲ್ಲವಾದರು.

ನಾನು ಬಿ.ಕಾಂ. ತರಗತಿಯಲ್ಲಿ ಓದಿದ 1872ರ ಕರಾರು ಅಧಿನಿಯಮದ 17ನೆಯ ಪ್ರಕರಣವು ಬರಿಯ ಮೌನವನ್ನು ವಂಚನೆಯೆಂದು ಎಣಿಸದು. ಹೇಳಲೇಬೇಕಾದ ಕರ್ತವ್ಯವಿದ್ದಾಗ ಅದು ವಂಚನೆ. ಅಲ್ಲಿ ಕೊಟ್ಟಿರುವ ನಿದರ್ಶನ ಕುದುರೆಯದು. ರೋಗವಿದೆಯೆಂದು ತಿಳಿದೂ ಹರಾಜಿನಲ್ಲಿ ಅಪರಿಚಿತನಿಗೆ ಮಾರಿ ಸುಮ್ಮನಿದ್ದರೆ ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಮಾರುವವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ನಮ್ಮ ಧರ್ಮಕ್ಕೂ ಕಾನೂನಿಗೂ ಇರುವ ಅಂತರ ಇಷ್ಟೇ. ಸಕಲ ಜೀವರಲ್ಲಿಯೂ ಮೈತ್ರಿಯನ್ನು ಭಾವಿಸುವವನಿಗೆ ಅಪರಿಚಿತನೆಂಬವನೇ ಇಲ್ಲ. ಕೊಳ್ಳಬಂದವರೆಲ್ಲರೂ ಅವನಿಗೆ ಮಗಳೇ.

ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಒತ್ತೆಯಿಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ 'ಅಷ್ಟೇ' ಎಂದು ಒಪ್ಪಿ ಕೊಟ್ಟುಬಿಡುವುದೆಂದು ಪೂಜ್ಯಪಾದರು ಅದನ್ನು ವಿವರಿಸಿದ್ದಾರೆ. ಪರರ ಅರಿಯದಿರುವಿಕೆಯನ್ನು ನಮ್ಮ ಲಾಭವಾಗಿ ಮಾಡಿಕೊಳ್ಳುವುದೇ ಅದರ ಬೇರು. ನಮ್ಮ ಮೌನದಿಂದ ಪ್ರಾಣಕ್ಕೆ ಅಪಾಯವಾದರೆ ಅಲ್ಲಿ ಪ್ರಮಾದವೂ ಸೇರಿ, ದೋಷ ಅಹಿಂಸಾವ್ರತಕ್ಕೂ ತಗಲುತ್ತದೆ.

ಇದನ್ನು ಉಪದೇಶಿಸುವ ಯೋಗ್ಯತೆ ನನಗೆ ಸಂಪೂರ್ಣವಾಗಿ ಇದೆಯೆನ್ನಲಾರೆ. ಅಂಗಡಿ ತೆರೆದ ಹೊಸತರಲ್ಲಿ ರೈತರೊಬ್ಬರಿಗೆ ಕೊಳವೆಬಾವಿಯ ಪೈಪು ಎತ್ತುವ ಕ್ಲಾಂಪಿಗೆಂದು ಎರಡನೆಯ ದರ್ಜೆಯ ಬೋಲ್ಟುಗಳನ್ನು ಕೊಟ್ಟೆನು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಎತ್ತುವಾಗ ಬೋಲ್ಟು ತುಂಡಾಗಿ ಮೋಟಾರು ಪೈಪಿನೊಡನೆ ಬಾವಿಯ ತಳ ಸೇರಿತು. ಕ್ಲಾಂಪಿನ ಬಳಿಯಿದ್ದ ಹುಡುಗನ ಕೈ ಉಳಿದುದು ಅವನ ಪುಣ್ಯ, ನನ್ನ ಎಚ್ಚರದಿಂದಲ್ಲ. ಆ ರೈತರು ನನ್ನನ್ನು ದೂರಲಿಲ್ಲ, ತಮ್ಮ ದುರದೃಷ್ಟವೆಂದುಕೊಂಡರು. ನಾನು ಆಗಲೂ ಸುಮ್ಮನಿದ್ದೆನು. ಮೋಟಾರಿನ ಬೆಲೆಯನ್ನು ಅವರ ಮನೆಗೆ ಒಯ್ದು ಕೊಡಲು ನನಗೆ ಎರಡು ವರ್ಷ ಬೇಕಾಯಿತು. ಮೊದಲನೆಯ ಮೌನಕ್ಕಿಂತ ಆ ಎರಡು ವರ್ಷಗಳ ಮೌನವೇ ಇಂದಿಗೂ ಪ್ರತಿಕ್ರಮಣದ ಹೊತ್ತಿನಲ್ಲಿ ನನ್ನನ್ನು ಹೆಚ್ಚು ಬಾಧಿಸುತ್ತದೆ.

ಇದನ್ನೇ ಹುಡುಗನಿಗೆ ಹೇಳಿದೆನು. ಅವನ ಒತ್ತಾಯದಿಂದ ಕೀಲನ್ನು ಕೆಳಗಿಳಿಸಿ ನೋಡಿದಾಗ ಒಂದು ಬೋಲ್ಟಿನ ಕತ್ತು ಅರ್ಧದಷ್ಟು ಸವೆದಿತ್ತು. ಎಲ್ಲವನ್ನೂ ಬದಲಿಸಿ, ಮಾಡಿದ ದುರಸ್ತಿಯನ್ನು ಬರೆದು ಕೊಂಡವರ ಕೈಗಿತ್ತರು. ಖರ್ಚಿನಿಂದಾಗಿ ಲಾಭ ಉಳಿಯಲಿಲ್ಲ. ಪಾಲುದಾರನೊಬ್ಬನು ಇಂದಿಗೂ ಅವನೊಡನೆ ಮಾತನಾಡುವುದಿಲ್ಲ.

ಬಸದಿಯ ಘಂಟೆಯ ಕೊಂಡಿಯನ್ನೂ ರಥದ ಅಚ್ಚನ್ನೂ ನೋಡಿಕೊಳ್ಳುವ ಧರ್ಮದರ್ಶಿಗಳಿಗೂ, ಅಂಗಡಿಯ ಗಲ್ಲಾದ ಮುಂದೆ ಕುಳಿತ ನಮಗೂ ಈ ಮಾತು ಸಲ್ಲುತ್ತದೆ. ಕಾಣದ ಕಡೆ ಇರುವ ಸವಕಳಿಯನ್ನು ಬಲ್ಲವನು ನಾವೊಬ್ಬರೇ ಆಗಿರುವಾಗ, ಎದುರಿನವರು ಕೇಳಲೆಂದು ಕಾಯುವ ಅಧಿಕಾರ ನಮಗಿಲ್ಲ.