ಓದು ಹತ್ತದ ಮಕ್ಕಳಿಗೆ ಕಸುಬು

‘ಓದು ತಲೆಗೆ ಹತ್ತದ ಹುಡುಗರಿಗೆ ಒಂದು ಕಸುಬು ಹೇಳಿಕೊಟ್ಟುಬಿಡಿ, ಹೈಸ್ಕೂಲುಗಳು ತಾವಾಗೇ ಸುಧಾರಿಸುತ್ತವೆ.’ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಚಿತ್ರದುರ್ಗದಲ್ಲಿ ನಾಲ್ಕು ಜನ ಮೇಷ್ಟ್ರು ಸೇರಿದ ಕಡೆ ಈ ಮಾತು ಬಾರದೆ ಇರುವುದಿಲ್ಲ. ಆಡುವವರು ಕೆಟ್ಟವರಲ್ಲ. ಆದರೂ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಓದು ಯಾರಿಗೆ ಹತ್ತುವುದಿಲ್ಲ ಎಂಬ ತೀರ್ಪು ಮಗುವಿನ ಹದಿನಾಲ್ಕನೇ ವಯಸ್ಸಿಗೇ ಬಂದುಬಿಟ್ಟಿರುತ್ತದೆ. ಸೋತವನಿಗೆ ಕೊಡುವ ಸಮಾಧಾನಕರ ಬಹುಮಾನದ ಹಾಗೆ ಆಮೇಲೆ ಕಸುಬು ಬರುತ್ತದೆ.

ಕೈಗೂ ತಲೆಗೂ ನಂಟು ಬೆಸೆಯುವ ಬಗ್ಗೆ ದೊಡ್ಡವರು ಬೇಕಾದಷ್ಟು ಹೇಳಿದ್ದಾರೆ. 1937ರ ವಾರ್ಧಾ ಸಮ್ಮೇಳನ, ಕೊಠಾರಿ ಆಯೋಗದ ಕಾರ್ಯಾನುಭವ ಇವೆಲ್ಲ ಬಿ.ಎಡ್. ಮಾಡಿದವರಿಗೆ ಬಾಯಿಪಾಠ, ನಿದ್ದೆ ಬಾರದ ರಾತ್ರಿ ಉಪಯೋಗಕ್ಕೂ ಬರುತ್ತವೆ. ನನಗೆ ಜಗಳಕ್ಕೆ ಬೇಕಾದವರು ರಾಜಾಜಿ. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಅವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಪಾಳಿ ಪದ್ಧತಿ ತಂದರು. ಮಗುವಿಗೆ ದಿನಕ್ಕೆ ಮೂರು ಗಂಟೆ ಪಾಠ, ಉಳಿದ ಹೊತ್ತು ಮನೆಯ ಕಸುಬು. ಇದು ಕುಲಕಸುಬಿನ ಶಿಕ್ಷಣವೆಂದು ಪೆರಿಯಾರ್ ಸಿಡಿದೆದ್ದರು. ಮರುವರ್ಷ ಕಾಮರಾಜರು ಅಧಿಕಾರಕ್ಕೆ ಬಂದು ಯೋಜನೆಯನ್ನು ಕೈಬಿಟ್ಟರು. ಮೈಸೂರು ರಾಜ್ಯದಲ್ಲಿದ್ದ ನಮಗೆ ಅದರ ಬಿಸಿ ತಾಗಲಿಲ್ಲ.

ರಾಜಾಜಿಯನ್ನು ಜಾತಿವಾದಿ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಆದರೆ ಅವರ ವಾದ ಅಷ್ಟು ಬಡಕಲಲ್ಲ. ಇದ್ದ ಕಟ್ಟಡ, ಇದ್ದ ಮೇಷ್ಟ್ರುಗಳಲ್ಲೇ ಎರಡರಷ್ಟು ಮಕ್ಕಳನ್ನು ಶಾಲೆಗೆ ತರಬಹುದಿತ್ತು. ಮನೆಯ ಕೆಲಸವೂ ಪಾಠವೇ ಎಂಬುದು ಅವರ ಇನ್ನೊಂದು ಮಾತು. ಅದನ್ನಂತೂ ನಾನು ಅಲ್ಲಗಳೆಯಲಾರೆ. ಹೊಳಲ್ಕೆರೆಯಲ್ಲಿ ನಮ್ಮಪ್ಪ ಟೈಲರ್. ಬಟ್ಟೆಯನ್ನು ನಾಲ್ಕು ಪದರ ಮಡಚಿ ಹಾಸುತ್ತಿದ್ದರು. ಎದೆ 36 ಅಂದರೆ ಕಾಲು ಭಾಗ 9, ಸಡಿಲಕ್ಕೆ ಒಂದೂವರೆ ಇಂಚು, ಹೊಲಿಗೆಗೆ ಅರ್ಧ; ಬಗಲಿನ ಹತ್ತಿರ ಬಂದಾಗ ಮಾತ್ರ ಟೇಪು ಬದಿಗಿಟ್ಟು, ಉಸಿರು ಬಿಗಿಹಿಡಿದು ಸೀಮೆಸುಣ್ಣದಲ್ಲಿ ಒಂದೇ ಎಳೆತಕ್ಕೆ ಬಾಗು ಬರೆಯುತ್ತಿದ್ದರು. ಭಿನ್ನರಾಶಿ ನನಗೆ ಬಂದದ್ದು ಅಲ್ಲಿಂದ. ಶಾಲೆಯಲ್ಲಿ ಅದರ ಹೆಸರು ತಿಳಿಯಿತು, ಅಷ್ಟೆ.

ಆದರೆ ಅದೇ ಅಪ್ಪ ನನ್ನನ್ನು ಮಿಷಿನ್ನಿಗೆ ಕೂರಗೊಡಲಿಲ್ಲ. ಕಾಜಾ ಹೊಲಿಯಬಹುದು, ಗುಂಡಿ ಹಚ್ಚಬಹುದು. ಪೆಡಲ್ ಮೇಲೆ ಕಾಲಿಟ್ಟರೆ ‘ಏಳೋ, ಹೋಗಿ ಓದ್ಕೋ’. ರಾಜಾಜಿಯ ಲೆಕ್ಕದಲ್ಲಿ ಈ ಅಪ್ಪ ಇಲ್ಲ. ತಂದೆಯಾದವನು ತನ್ನ ವಿದ್ಯೆಯನ್ನು ಮಗನಿಗೆ ಧಾರೆಯೆರೆಯಲು ಕಾದು ಕೂತಿರುತ್ತಾನೆ ಎಂದುಕೊಂಡವರು ಅವರು. ನನ್ನ ಪಾಡು ಇವನಿಗೆ ಬೇಡ ಎನ್ನುವ ಅಪ್ಪಂದಿರಿಗೆ ಆ ಯೋಜನೆಯಲ್ಲಿ ಜಾಗವೇ ಇರಲಿಲ್ಲ. (ರಾಜಾಜಿ ಸ್ವತಃ ವಕೀಲರು. ಕಸುಬಿನ ಘನತೆಯನ್ನು ಅದರಿಂದ ಹೊಟ್ಟೆ ಹೊರೆಯದವರೇ ಹೆಚ್ಚಾಗಿ ಹೊಗಳುತ್ತಾರೆ.)

ಈಗಿನ ವೃತ್ತಿ ಶಿಕ್ಷಣ ಹಾಗಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಎನ್‌ಎಸ್‌ಕ್ಯೂಎಫ್ ಎಂಬ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಅಡಿ ನಮ್ಮ ಆಯ್ದ ಸರ್ಕಾರಿ ಪ್ರೌಢಶಾಲೆಗಳ ಒಂಬತ್ತು, ಹತ್ತನೇ ತರಗತಿಯಲ್ಲಿ ತೃತೀಯ ಭಾಷೆಯ ಬದಲು ಆಟೊಮೊಬೈಲ್, ಐಟಿ, ಬ್ಯೂಟಿ ಅಂಡ್ ವೆಲ್‌ನೆಸ್‌ನಂಥ ವಿಷಯ ತೆಗೆದುಕೊಳ್ಳಬಹುದು. ಅಪ್ಪನ ಕಸುಬನ್ನು ಯಾರೂ ಹೇರುತ್ತಿಲ್ಲ. ಹಿರಿಯೂರಿನಲ್ಲಿ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯಲು ಯಾವ ಕುಲವಾದರೇನು? ಜೋಗಿಮಟ್ಟಿ ಕಡೆಯ ಬೆಟ್ಟಗಳ ಮೇಲೆ ಗಾಳಿಯಂತ್ರ ಹತ್ತಿ ರಿಪೇರಿ ಮಾಡುವವನ ಅಜ್ಜ ಏನು ಮಾಡುತ್ತಿದ್ದನೆಂದು ಯಾರೂ ಕೇಳುವುದಿಲ್ಲ. ಪೆರಿಯಾರರ ಆಕ್ಷೇಪವನ್ನು ಇಲ್ಲಿಗೆ ಹಾಗೇ ಎತ್ತಿ ತರಲು ಬರುವುದಿಲ್ಲ.

ಆದರೆ ಕಸುಬು ಕಳೆದುಕೊಂಡ ಕುಲವನ್ನು ಶಾಲೆ ಪಡೆದುಕೊಂಡಿದೆ. ಸರ್ಕಾರಿ ಶಾಲೆಯಿರುವ ಬೀದಿಯಲ್ಲೇ ಇರುವ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಒಂಬತ್ತನೇ ತರಗತಿಗೇ ನೀಟ್ ಫೌಂಡೇಷನ್. ಅಲ್ಲಿ ಯಾರ ಕೈಗೂ ಸ್ಪ್ಯಾನರ್ ಬರುವುದಿಲ್ಲ. 2025ರೊಳಗೆ ಕನಿಷ್ಠ ಶೇ 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತ್ತು. ಯಾವ ಅರ್ಧ ಎಂದು ಹೇಳಲಿಲ್ಲ.

ಆದ್ದರಿಂದ ಕೊಟ್ಟರೆ ಎಲ್ಲರಿಗೂ ಕೊಡಿ, ಡಾಕ್ಟರ ಮಗಳೂ ವೈರಿಂಗ್ ಕಲಿಯಲಿ ಎಂದು ಹೇಳಿ ಮುಗಿಸಬೇಕೆಂದಿದ್ದೆ. ಹೊಸದುರ್ಗದಲ್ಲಿ ಮೇಷ್ಟ್ರಾಗಿರುವ ಗೆಳೆಯರೊಬ್ಬರು ಅಡ್ಡ ಬಂದರು. ‘ಎಲ್ರಿಗೂ ಅಂದ್ರೆ ವಾರಕ್ಕೆ ಎರಡು ಪೀರಿಯಡ್ ಆಟ ಆಗುತ್ತೆ ಸಾರ್. ಹತ್ತನೇ ಕ್ಲಾಸ್ ಮುಗಿಸಿ ದುಡಿಯೋಕೆ ಹೋಗೋ ಹುಡುಗನಿಗೆ ಅದ್ರಿಂದ ಏನ್ ಸಿಗುತ್ತೆ?’ ನಮ್ಮ ಕಾಲದ ಕ್ರಾಫ್ಟ್ ಪೀರಿಯಡ್ ನೆನಪಾಯಿತು. ಅದಕ್ಕೆ ಅಂಕವಿರಲಿಲ್ಲ, ಹಾಗಾಗಿ ಗಣಿತದ ಮೇಷ್ಟ್ರು ಸಲೀಸಾಗಿ ಕಬಳಿಸುತ್ತಿದ್ದರು. ಸಮಾನತೆಗೆ ಹೋದರೆ ಪಾಠ ತೆಳುವಾಗುತ್ತದೆ. ಪಾಠ ಗಟ್ಟಿಯಾಗಲಿ ಎಂದರೆ ಮಕ್ಕಳನ್ನು ಬೇರೆ ಮಾಡಬೇಕಾಗುತ್ತದೆ. ಇವೆರಡರ ನಡುವೆ ದಾರಿ ನನಗೆ ಕಂಡಿಲ್ಲ.

ಇನ್ನೂ ಒಂದು ತೊಡಕಿದೆ. ಕಸುಬು ಕಲಿಸಲು ಬರುವವರು ಹೊರಗುತ್ತಿಗೆಯವರು. ಮುಂದಿನ ವರ್ಷ ತಾವು ಇರುತ್ತೇವೋ ಇಲ್ಲವೋ ಎಂದು ಅವರಿಗೇ ಗೊತ್ತಿರುವುದಿಲ್ಲ. ನಾನು ಕಂಡ ಒಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಅವರಿಗೆ ಬೀರು ಇರಲಿಲ್ಲ. ಊಟದ ಡಬ್ಬಿ, ಹಾಜರಿ ಪುಸ್ತಕ ಎಲ್ಲ ಕಿಟಕಿ ಕಟ್ಟೆಯ ಮೇಲೆ. ಘನತೆಯ ಪಾಠವನ್ನು ಮಕ್ಕಳು ಆ ಕಿಟಕಿಯಲ್ಲೇ ಓದಿಕೊಂಡಿರುತ್ತಾರೆ. ಅಪ್ಪನಿಗೂ ಹೊಲಿಗೆಯ ಮೇಲೆ ತಾತ್ಸಾರವೇನೂ ಇರಲಿಲ್ಲ. ಅಂಗಿಯೊಂದಕ್ಕೆ ಸಿಗುವ ಮಜೂರಿ ಎಷ್ಟೆಂದು ಅವರಿಗೆ ಗೊತ್ತಿತ್ತು, ಅಷ್ಟೆ. ಮಜೂರಿಯನ್ನು ಹೈಸ್ಕೂಲು ಏರಿಸಲಾರದು.

ಹಾಗಾದರೆ ಮೊದಲು ಏರಬೇಕಾದದ್ದು ಮಜೂರಿಯೋ, ಬರಬೇಕಾದದ್ದು ಪಾಠವೋ? ಪಾಠವೇ ಮೊದಲು ಎಂಬ ನಂಬಿಕೆಯಲ್ಲಿ ಬರೆಯಲು ಕೂತಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ಹಾಗಂತ ಮಜೂರಿ ಏರುವವರೆಗೂ ಆಟೊಮೊಬೈಲ್ ಲ್ಯಾಬಿಗೆ ಬೀಗ ಹಾಕಿ ಎನ್ನಲೂ ಬಾಯಿ ಬರುವುದಿಲ್ಲ. ಗ್ಯಾರೇಜಿಗೆ ಹೋಗಲೇಬೇಕಾದ ಹುಡುಗ ಹೇಗೂ ಹೋಗುತ್ತಾನೆ, ಏನೂ ಕಲಿಯದೆ ಹೋಗುತ್ತಾನೆ.